ಮುದಿ ಹಸುಗಳ ದಾನ

ಚಾಮರಾಜಪೇಟೆಯ ನಮ್ಮ ಹಳೆಯ ಮನೆಯನ್ನು ಮಾರಿಬಿಡುವುದೆಂದು ಅಣ್ಣತಮ್ಮಂದಿರು ಮೂವರೂ ಕುಳಿತು ತೀರ್ಮಾನಿಸಿದ್ದು ಒಂದು ಮಧ್ಯಾಹ್ನದ ಕೆಲಸ. ಆ ಮನೆಯ ಅಟ್ಟವನ್ನು ಬರಿದು ಮಾಡಿದ್ದು ಹದಿನೇಳು ದಿನದ ಕೆಲಸ. ಕನಕಪುರ ರಸ್ತೆಯ ಕಡೆ ನಾವು ಕೊಂಡಿರುವ ಹೊಸ ಮನೆಯಲ್ಲಿ ಎರಡು ಕೋಣೆ, ಒಂದು ಹಜಾರ, ಎರಡು ಬಾಲ್ಕನಿ ಉಂಟು, ಅಟ್ಟವಿಲ್ಲ. ಕಟ್ಟಿಸಿದವರನ್ನು ಕೇಳಿದಾಗ, "ಈಗ ಅಟ್ಟ ಯಾರಿಗೆ ಬೇಕು ಸಾರ್?" ಎಂದು ನಕ್ಕರು. ಅದು ಪ್ರಶ್ನೆಯಲ್ಲ, ತೀರ್ಪು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಏಣಿ ಹತ್ತಿದೆ. ನನ್ನ ವಯಸ್ಸಿಗೆ ಅದು ತಕ್ಕ ಕೆಲಸವಲ್ಲವೆಂದು ಕೆಳಗೆ ಏಣಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಹದಿನೇಳು ದಿನವೂ ಹೇಳಿದಳು. ಹದಿನೇಳು ದಿನವೂ ಏಣಿ ಹಿಡಿದಳು. ಹಜಾರದ ನೆಲದ ಮೇಲೆ ಅವಳು ಮೂರು ಗುಡ್ಡೆಗಳನ್ನು ಗೊತ್ತುಮಾಡಿದ್ದಳು: ಹೊಸ ಮನೆಗೆ ಬರತಕ್ಕದ್ದು, ಗುಜರಿಗೆ ಹೋಗತಕ್ಕದ್ದು, ಯಾರಿಗಾದರೂ ಕೊಡತಕ್ಕದ್ದು. ಈ ಮೂರನೆಯ ಗುಡ್ಡೆಯ ವಿಷಯವಾಗಿಯೇ ನಾನು ಇಂದು ಬರೆಯಹೊರಟಿರುವುದು. ಆದರೆ ಅಲ್ಲಿಗೆ ಹೋಗುವ ಮೊದಲು ಅಟ್ಟದ ಮಾತು ಸ್ವಲ್ಪ ಹೇಳಬೇಕು.

ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡು ಬಂದಿದ್ದ ಒಂದು ಮಾತಿತ್ತು: ಅಮ್ಮ ಏನನ್ನೂ ಬಿಸಾಡುವವರಲ್ಲ, ಅದಕ್ಕೇ ಅಟ್ಟ ಹಾಗೆ ತುಂಬಿದೆ ಎಂದು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾದ ಮೇಲೂ ಆ ಮಾತು ಹಾಗೇ ಉಳಿದಿತ್ತು. ಹೋದವರ ಮೇಲೆ ಹೊರಿಸಿದ ಹೊರೆಯನ್ನು ಅವರು ಇಳಿಸಲಾರರಷ್ಟೆ. ಅಟ್ಟವನ್ನು ಮೇಲಿನಿಂದ ಪದರಪದರವಾಗಿ ಬಿಡಿಸುತ್ತ ಹೋದಾಗ ಬೇರೆಯೇ ಚರಿತ್ರೆ ಕಂಡಿತು. ಮೇಲಿನ ಪದರ ನಮ್ಮದು. ನಾಲ್ಕು ಕೆಟ್ಟ ಮಿಕ್ಸಿಗಳು, ಹೊಟ್ಟೆ ದಪ್ಪದ ಎರಡು ಕಂಪ್ಯೂಟರ್ ಮಾನಿಟರುಗಳು, ವಿಡಿಯೋ ಕ್ಯಾಸೆಟ್ಟುಗಳು, ಟೀವಿ ಬಂದ ರಟ್ಟಿನ ಡಬ್ಬ, ಆ ಡಬ್ಬದೊಳಗಿನ ಥರ್ಮಾಕೋಲಿನ ಅಚ್ಚು, ಒಂದು ದಿನವೂ ಸರಿಯಾಗಿ ಓಡದ ವ್ಯಾಯಾಮದ ಸೈಕಲ್ಲು, ಫೋಮಿನ ಹಾಸಿಗೆ ಎರಡು. ಇವುಗಳಲ್ಲಿ ಯಾವುದೂ ಅಮ್ಮ ಇಟ್ಟದ್ದಲ್ಲ. ಯಾವುದೂ ಕೆಲಸಕ್ಕೆ ಬರತಕ್ಕದ್ದೂ ಅಲ್ಲ. ಅಮ್ಮನ ಪದರ ಅದರ ಕೆಳಗೆ, ಗೋಡೆಯ ಮಗ್ಗುಲಿಗೆ, ಅಚ್ಚುಕಟ್ಟಾಗಿ ಕುಳಿತಿತ್ತು. ತಾಮ್ರದ ಹಂಡೆ. ಹಿತ್ತಾಳೆಯ ಕೊಳಗ, ಸೇರು, ಪಾವು. ಹಳೆಯ ಸೀರೆಯಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳು. ಎರಡು ಲಾಟೀನು. ತೊಟ್ಟಿಲು. ತಂತಿಗೆ ಚುಚ್ಚಿಟ್ಟ ಕಾಗದಗಳ ಒಂದು ದೊಡ್ಡ ಗೊಂಚಲು. ಅದರಲ್ಲಿ ಟೆಲಿಗ್ರಾಮುಗಳೂ ಇದ್ದವು. (ಟೆಲಿಗ್ರಾಮನ್ನೇ ಸರ್ಕಾರ 2013ರ ಜುಲೈಯಲ್ಲಿ ನಿಲ್ಲಿಸಿತಲ್ಲ, ಅವನ್ನು ಮೊಮ್ಮಗನಿಗೆ ತೋರಿಸಿದರೆ ತಾಳೆಗರಿ ನೋಡುವವನ ಹಾಗೆ ನೋಡಿದ.) ಹಂಡೆಯ ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ ಕೆತ್ತಿದ ಅಮ್ಮನ ಹೆಸರು, ಅವರ ತಂದೆಯ ಹೆಸರು, 1952 ಎಂಬ ಇಸವಿ. ತೊಳೆದು ಹುಣಿಸೆಹಣ್ಣು ಹಾಕಿ ಉಜ್ಜಿದರೆ ಈ ಸಂಜೆಯೇ ನೀರು ಕಾಯಿಸಬಹುದು. ಎಪ್ಪತ್ತು ವರ್ಷದ ಹಂಡೆ ಉಪಯೋಗಕ್ಕೆ ಬರುತ್ತದೆ, ಏಳು ವರ್ಷದ ಮಿಕ್ಸಿ ಬರುವುದಿಲ್ಲ. ಹಾಗಾದರೆ ಕೂಡಿಟ್ಟವರು ಯಾರು?

ಅಮ್ಮ ಬಿಸಾಡುತ್ತಿರಲಿಲ್ಲ ಎಂಬುದು ನಿಜ. ಆದರೆ ಅವರು ಇಟ್ಟುಕೊಳ್ಳುತ್ತಿದ್ದರು ಎನ್ನುವುದೂ ಪೂರ್ತಿ ನಿಜವಲ್ಲ. ಅವರ ರಾಜ್ಯದಲ್ಲಿ ವಸ್ತುಗಳಿಗೆ ಪದವಿಯಿಂದ ಪದವಿಗೆ ಇಳಿಯುವ ಒಂದು ಕ್ರಮವಿತ್ತು. ಸೀರೆ ಮೊದಲು ಮದುವೆ ಮುಂಜಿಗೆ; ಬಣ್ಣ ಮಾಸಿದ ಮೇಲೆ ಮನೆಯಲ್ಲಿ ಉಡಲು; ಅಂಚು ಹರಿದ ಮೇಲೆ ಬಾಣಂತಿಯ ಕೋಣೆಗೆ, ಕೂಸಿನ ಮೈ ಒತ್ತದ ಹಾಗೆ ಮೆತ್ತಗಾಗಿರುತ್ತದೆಂದು; ಅಲ್ಲಿಂದ ಅಡಿಗೆಮನೆಗೆ ಮಸಿಬಟ್ಟೆಯಾಗಿ; ಕೊನೆಗೆ ನೆಲ ಒರೆಸಲು. ನೆಲ ಒರೆಸಿ ಒರೆಸಿ ಎಳೆ ಬಿಟ್ಟುಕೊಂಡ ಮೇಲೆ ಬಚ್ಚಲ ಒಲೆಯ ಬಾಯಿಗೆ. ಸೀರೆ ಆ ಮನೆಯ ಹೊಸಲು ದಾಟಿ ಆಚೆ ಹೋಗುತ್ತಲೇ ಇರಲಿಲ್ಲ. ಬದುಕಿದ ಮನೆಯಲ್ಲೇ ಅದರ ಬೂದಿಯೂ ಆಗುತ್ತಿತ್ತು. ಆ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದರು.

ಇದನ್ನು ಜಿಪುಣತನವೆಂದು ನಾವು ಹುಡುಗರಾಗಿದ್ದಾಗ ನಗುತ್ತಿದ್ದೆವು. ಅಮ್ಮನ ಬಾಲ್ಯ ಎರಡನೆಯ ಮಹಾಯುದ್ಧದ ಪಡಿತರದ ಕಾಲ. ಅವರ ಸಂಸಾರದ ನಡುಹಗಲು 1965–66ರ ಬರಗಾಲ. ಶಾಸ್ತ್ರಿಗಳು ಸೋಮವಾರ ರಾತ್ರಿಯ ಊಟ ಬಿಡಿ ಎಂದಾಗ ಬಿಟ್ಟವರಲ್ಲಿ ಅವರೂ ಒಬ್ಬರು. ಆದರೆ ಕೊರತೆಯೊಂದೇ ಕಾರಣವಾಗಿದ್ದರೆ, ಮಕ್ಕಳು ಸಂಪಾದಿಸತೊಡಗಿದ ಮೇಲೆ ಆ ಅಭ್ಯಾಸ ಸಡಿಲವಾಗಬೇಕಾಗಿತ್ತು. ಆಗಲಿಲ್ಲ. ತೂಕ ಅಳತೆಗಳೆಲ್ಲ ಕಿಲೋ ಲೀಟರಿಗೆ ಬದಲಾಗಿ ದಶಕಗಳು ಕಳೆದರೂ ಅಕ್ಕಿಯನ್ನು ಪಾವಿನಲ್ಲೇ ಅಳೆಯುತ್ತಿದ್ದ ಹಾಗೆ, ಇದನ್ನೂ ಅವರು ಬಿಡಲಿಲ್ಲ. ಒಂದು ವಸ್ತುವನ್ನು ಮನೆಯೊಳಕ್ಕೆ ಕರೆದುಕೊಂಡವರು ಅದರ ಕೊನೆಯನ್ನೂ ನೋಡಬೇಕು ಎಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ನಡೆದದ್ದು ಹಾಗೆ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಅಮ್ಮನ ಈ ವ್ಯವಸ್ಥೆ ಅವರೊಬ್ಬರಿಂದ ನಡೆದದ್ದಲ್ಲ. ಬೀದಿಯೆಲ್ಲ ಅದಕ್ಕೆ ಒತ್ತಾಸೆಯಾಗಿತ್ತು. ತಿಂಗಳಿಗೊಮ್ಮೆ ಕಲಾಯಿಯವನು ಬಂದು ಮನೆ ಮುಂದೆ ಇದ್ದಿಲ ಒಲೆ ಹೂಡಿ ತಿದಿ ಒತ್ತುತ್ತಿದ್ದ. ಕೊಡೆ ರಿಪೇರಿಯವನು, ಸಾಣೆ ಹಿಡಿಯುವವನು, ಒರಳುಕಲ್ಲು ಮುಳ್ಳು ಹೊಡೆಯುವವರು ಬರುತ್ತಿದ್ದರು. ವರ್ಷಕ್ಕೊಮ್ಮೆ ಹತ್ತಿ ಹಿಂಜುವವನು ಬಿಲ್ಲು ಹೆಗಲಿಗೆ ಹಾಕಿಕೊಂಡು ಬಂದು, ಗಂಟುಗಟ್ಟಿದ ಹಾಸಿಗೆಯ ಹೊಟ್ಟೆ ಬಿಚ್ಚಿ, ಅದೇ ಹತ್ತಿಯನ್ನು ಟೊಂಯ್ ಟೊಂಯ್ ಎಂದು ಹಿಂಜಿ, ಅದೇ ಹಾಸಿಗೆಯನ್ನು ಹೊಸದು ಮಾಡಿ ಹೋಗುತ್ತಿದ್ದ. ಆ ನಾದ ಕೇಳಿ ಎಷ್ಟು ವರ್ಷವಾಯಿತೋ! ಫೋಮಿನ ಹಾಸಿಗೆಯನ್ನು ಯಾವ ಬಿಲ್ಲೂ ಹಿಂಜಲಾರದು. ರಿಪೇರಿ ಮಾಡುವವರು ಬೀದಿಯಿಂದ ಮರೆಯಾದ ದಿನವೇ ನಮ್ಮ ಅಟ್ಟದ ಅರ್ಥ ಬದಲಾಯಿತು. ಅದುವರೆಗೆ ಅದು ಕಾದಿರುವವರ ಕೋಣೆಯಾಗಿತ್ತು. ಅನಂತರ ಹೆಣದ ಕೋಣೆಯಾಯಿತು.

ಈಗ ಮನೆ ಚೊಕ್ಕಟ ಮಾಡುವುದಕ್ಕೂ ಶಾಸ್ತ್ರಗ್ರಂಥಗಳಿವೆ. ಸೊಸೆ ಎರಡು ಪುಸ್ತಕ ತಂದುಕೊಟ್ಟಳು. ಒಂದು ಜಪಾನಿನ ಮರಿ ಕೊಂಡೊ ಎಂಬ ಹೆಣ್ಣುಮಗಳು ಬರೆದದ್ದು; ಅದು 2014ರಲ್ಲಿ ಇಂಗ್ಲಿಷಿಗೆ ಬಂದು ಲೋಕವನ್ನೆಲ್ಲ ಸುತ್ತಿದೆ. ಆಕೆಯ ಮಂತ್ರ ಸರಳ: ವಸ್ತುವನ್ನು ಕೈಯಲ್ಲಿ ಹಿಡಿದುಕೋ, ಇದು ನನಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೋ, ಕೊಡದಿದ್ದರೆ ಅದಕ್ಕೆ ಕೃತಜ್ಞತೆ ಹೇಳಿ ಕಳಿಸಿಬಿಡು. ನಗಬೇಕಾದದ್ದೇನೂ ಇದರಲ್ಲಿಲ್ಲ. ಆಯುಧಪೂಜೆಯ ದಿನ ಇಳಿಗೆಮಣೆಗೂ ಹೊಲಿಗೆ ಯಂತ್ರಕ್ಕೂ ಕುಂಕುಮ ಇಟ್ಟು ಕೈ ಮುಗಿಯುವ ನಮಗೆ, ವಸ್ತುವಿಗೆ ಕೃತಜ್ಞತೆ ಹೇಳುವ ಜಪಾನೀಯಳು ಪರಕೀಯಳಲ್ಲ. (ಮೂರು ಮಕ್ಕಳಾದ ಮೇಲೆ ತಮ್ಮ ಮನೆಯೂ ಹಿಂದಿನಷ್ಟು ಅಚ್ಚುಕಟ್ಟಾಗಿಲ್ಲವೆಂದು ಆಕೆ 2023ರಲ್ಲಿ ಒಪ್ಪಿಕೊಂಡದ್ದನ್ನು ಓದಿ ನನ್ನ ಹೆಂಡತಿಗೆ ಆಕೆಯ ಮೇಲೆ ಗೌರವ ಹೆಚ್ಚಿತು.) ಇನ್ನೊಂದು ಪುಸ್ತಕ ಸ್ವೀಡನ್ನಿನ ಮಾರ್ಗರೇಟಾ ಮ್ಯಾಗ್ನುಸನ್ ಎಂಬ ವೃದ್ಧೆ 2017ರಲ್ಲಿ ಪ್ರಕಟಿಸಿದ್ದು. ಸಾವು, ಶುಚಿ ಎಂಬ ಎರಡು ಮಾತುಗಳನ್ನು ಕೂಡಿಸಿದ ಒಂದು ಪದ ಆ ಭಾಷೆಯಲ್ಲಿದೆ. ತಾನು ಸತ್ತ ಮೇಲೆ ತನ್ನ ಸಾಮಾನು ಮಕ್ಕಳ ತಲೆಗೆ ಬೀಳಬಾರದು, ಆದ್ದರಿಂದ ಬದುಕಿದ್ದಾಗಲೇ ಒಂದೊಂದಾಗಿ ವಿಲೇವಾರಿ ಮಾಡಿಬಿಡಬೇಕು ಎಂಬುದು ಆಕೆಯ ವಾದ.

ಎರಡನೆಯದು ಮೊದಲನೆಯದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆಂದು ನನಗೆ ತೋರಿತು. ಜಪಾನಿನ ಪ್ರಶ್ನೆಯಲ್ಲಿ ಇರುವವನು ನಾನೊಬ್ಬನೇ: ನನಗೆ ಸಂತೋಷವೋ ಅಲ್ಲವೋ. ಸ್ವೀಡನ್ನಿನ ಪ್ರಶ್ನೆಯಲ್ಲಿ ನನ್ನ ಮಕ್ಕಳೂ ಬರುತ್ತಾರೆ. ಆದರೆ ನನ್ನ ಕೈಬಿಟ್ಟ ವಸ್ತು ನನ್ನ ಮಕ್ಕಳ ತಲೆಗೆ ಬೀಳದಿದ್ದರೆ ಬೇರೆ ಯಾರ ತಲೆಗೆ ಬೀಳುತ್ತದೆ? ಅದು ಆಕಾಶಕ್ಕೇನೂ ಹೋಗುವುದಿಲ್ಲವಷ್ಟೆ.

ನಮ್ಮಲ್ಲಿ ಇದನ್ನೆಲ್ಲ ಅಪರಿಗ್ರಹವೆಂದು ಕರೆದುಕೊಳ್ಳುವುದು ಈಚೆಗೆ ಬಳಕೆಗೆ ಬಂದಿದೆ. ಖಾಲಿ ಗೋಡೆ, ಖಾಲಿ ಕಪಾಟು, ಒಂದು ಚಾಪೆ, ಒಂದು ಹೂಕುಂಡ ಇಟ್ಟ ಮನೆಗಳನ್ನು ನೋಡಿದ್ದೇನೆ. ನೋಡಿದರೆ ಮನಸ್ಸು ಹಗುರಾಗುವುದು ಸುಳ್ಳಲ್ಲ. ಆ ಮನೆಯವರು ಉಪ್ಪು ಮುಗಿದರೆ ಫೋನಿನಲ್ಲಿ ಒತ್ತುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಒಬ್ಬ ಹುಡುಗ ಬೆನ್ನಿಗೆ ಚೀಲ ಕಟ್ಟಿಕೊಂಡು ಮಳೆಯಲ್ಲಿ ನೆನೆದು ಬಂದು ನಿಲ್ಲುತ್ತಾನೆ. ಅವರಿಗೆ ಅಟ್ಟವಿಲ್ಲವೆಂದಲ್ಲ, ಅಟ್ಟ ಆ ಹುಡುಗನ ಬೆನ್ನ ಮೇಲಿದೆ. ನಾಳೆ ಮತ್ತೆ ಕೊಳ್ಳಬಲ್ಲೆನೆಂಬ ನೆಚ್ಚಿಗೆ ಇದ್ದವನು ಇಂದು ಧಾರಾಳವಾಗಿ ಬಿಸಾಡಬಲ್ಲ. ಇಲ್ಲದವನು ಬಾಗಿದ ಮೊಳೆಯನ್ನೂ ಎತ್ತಿಟ್ಟುಕೊಳ್ಳುತ್ತಾನೆ. ಬರಿದಾದ ಮನೆ ಎಲ್ಲ ಸಲವೂ ವೈರಾಗ್ಯದ ಗುರುತಲ್ಲ. ಎಷ್ಟೋ ಸಲ ಅದು ಬ್ಯಾಂಕಿನ ಪಾಸ್‌ಬುಕ್ಕಿನ ಗುರುತು.

ಅಪರಿಗ್ರಹವನ್ನು ಮನಸ್ಸಿಟ್ಟು ಯೋಚಿಸಿದವರು ಹೇಳಿದ್ದು ಬೇರೆ. ಜೈನ ಗೃಹಸ್ಥನಿಗೆ ಪರಿಗ್ರಹ ಪರಿಮಾಣವೆಂಬ ಒಂದು ವ್ರತವುಂಟು: ಹೊಲ, ಮನೆ, ಚಿನ್ನ, ಧಾನ್ಯ, ಪಾತ್ರೆಪಡಗ, ಇವು ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ಮುಂಚೆಯೇ ಎಲ್ಲೆ ಹಾಕಿಕೊಳ್ಳುವುದು. ಅದು ವಸ್ತುವನ್ನು ಮುಂಬಾಗಿಲಲ್ಲಿ ತಡೆಯುವ ವ್ರತ. ಹಿತ್ತಿಲ ಬಾಗಿಲಿನಿಂದ ಆಚೆ ಸುರಿಯುವ ವ್ರತವಲ್ಲ. ಗಾಂಧೀಜಿ 1930ರಲ್ಲಿ ಯರವಡಾ ಸೆರೆಮನೆಯಿಂದ ಆಶ್ರಮವಾಸಿಗಳಿಗೆ ವಾರವಾರವೂ ಬರೆದ ಪತ್ರಗಳಲ್ಲಿ ಇನ್ನೂ ಖಾರವಾಗಿ ಹೇಳಿದರು: ತನಗೆ ನಿಜವಾಗಿ ಬೇಕಿಲ್ಲದ್ದನ್ನು ಇಟ್ಟುಕೊಳ್ಳುವುದೂ ಕಳವೇ. ಈ ಮಾತನ್ನು ಒಪ್ಪುವುದಾದರೆ ನನ್ನ ಅಟ್ಟದ ಮೇಲಿನ ಪದರವೆಲ್ಲ ಕಳವಿನ ಮಾಲು. ಆಗಲಿ. ಕದ್ದ ಮಾಲನ್ನು ಹಿಂತಿರುಗಿಸುವುದು ಒಳ್ಳೆಯದೇ. ಆದರೆ ಮಾವಿನಹಣ್ಣು ಕದ್ದವನು ಅದು ಕೊಳೆತು ಹುಳ ಬಿದ್ದ ಮೇಲೆ ತಂದು ಹಿಂದಕ್ಕೆ ಕೊಟ್ಟು, "ನೋಡಿ, ನಾನೀಗ ಕಳ್ಳನಲ್ಲ" ಎಂದರೆ?

ಮೂರನೆಯ ಗುಡ್ಡೆಗೆ ಬಂದೆ.

ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡಿಕೊಂಡಿರುವ ಹೆಣ್ಣುಮಗಳೊಬ್ಬಳಿದ್ದಾಳೆ. ಅಮ್ಮನ ಕೊನೆಯ ಎರಡು ವರ್ಷ ಅವರನ್ನು ಎತ್ತಿ ಕೂರಿಸಿ, ಮಲಗಿಸಿ, ನೋಡಿಕೊಂಡವಳು ಅವಳೇ. ಈ ಹದಿನಾಲ್ಕು ವರ್ಷದಲ್ಲಿ ನಾವು ಅವಳಿಗೆ ಸಂಬಳದ ಮೇಲೆ ಎಷ್ಟೋ ವಸ್ತುಗಳನ್ನು ಕೊಟ್ಟಿದ್ದೆವು. ಕುರ್ಚಿ, ಪರದೆ, ಮಕ್ಕಳ ಬೂಟು, ಒಂದು ಹಳೆಯ ಫ್ರಿಜ್ಜು, ಎರಡು ಟೀವಿ, ಒಂದು ಸೋಫಾ, ಗಂಟುಗಂಟು ಬಟ್ಟೆ. ಕೊಟ್ಟಾಗಲೆಲ್ಲ ನನ್ನ ಹೆಂಡತಿಗೆ ಒಂದು ಸಮಾಧಾನ, ನನಗೂ. ಹಬ್ಬಕ್ಕೆ ಮುಂಚೆ ಮನೆ ಸಾರಿಸಿ ಗುಡಿಸಿದಾಗ ಆಗುವಂಥ ಹಿತ. ಅದಕ್ಕೆ ದಾನದ ಹಿತವೆಂದೇ ಹೆಸರಿಟ್ಟುಕೊಂಡಿದ್ದೆವು.

ಮೊನ್ನೆ ಅವಳಿಗೆ ಜ್ವರ ಬಂದು ನಾಲ್ಕು ದಿನ ಬರಲಿಲ್ಲ. ಗುಡ್ಡದಹಳ್ಳಿ ನಮ್ಮಿಂದ ದೂರವೇನೂ ಅಲ್ಲ. ನೋಡಿಕೊಂಡು ಬರೋಣವೆಂದು ಇಬ್ಬರೂ ಹೋದೆವು. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಮುಚ್ಚಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ. ಹತ್ತಡಿ ಹನ್ನೆರಡಡಿಯ ಒಂದೇ ಕೋಣೆ. ಒಂದು ಮಂಚ, ಗೋಡೆಗೆ ಹೊಡೆದ ಹಲಗೆಯ ಮೇಲೆ ಸಾಲಾಗಿ ಬೋರಲು ಹಾಕಿದ ಸ್ಟೀಲು ಪಾತ್ರೆಗಳು, ಒಂದು ಗಾಡ್ರೇಜು ಬೀರು, ದೇವರ ಪಟ, ಗೋಡೆಯ ಮೇಲೆ ಚಿಕ್ಕದೊಂದು ಟೀವಿ. ನೆಲ ಕನ್ನಡಿಯ ಹಾಗಿತ್ತು. ಇಷ್ಟು ಒಪ್ಪವಾದ ಮನೆಯನ್ನು ನಾನು ಈಚೆಗೆ ನೋಡಿಲ್ಲ. ನನ್ನ ಕಣ್ಣು ಸುಮ್ಮನಿರದೆ ನಮ್ಮ ಸೋಫಾವನ್ನು ಹುಡುಕಿತು, ಕುರ್ಚಿಯನ್ನು ಹುಡುಕಿತು. ನಮ್ಮ ಮನೆಯ ಒಂದು ವಸ್ತುವೂ ಅಲ್ಲಿರಲಿಲ್ಲ.

ನನ್ನ ಹೆಂಡತಿ ಕೇಳಿಯೇಬಿಟ್ಟಳು. ಅವಳಿಗೆ ಕೋಪವಿರಲಿಲ್ಲ, ಆಶ್ಚರ್ಯವಿತ್ತು.

ಮೊದಲು ಅವಳು ಮಾತು ತೇಲಿಸಲು ನೋಡಿದಳು. ಆಮೇಲೆ, "ತಪ್ಪು ತಿಳ್ಕೋಬೇಡಿ ಅಮ್ಮ" ಎಂದಳು. "ಇಲ್ಲಿ ಎಲ್ಲಿ ಇಡ್ಲಿ? ಸೋಫಾ ಬಾಗಿಲಲ್ಲೇ ಹಿಡೀಲಿಲ್ಲ. ಬೇಡ ಅಂದ್ರೆ ನೀವು ಮನಸ್ಸಿಗೆ ಹಚ್ಕೋತೀರ ಅಂತ ತಗೊಂಡ್ ಬರ್ತಿದ್ದೆ. ಅಜ್ಜಿ ಇದ್ದಾಗ ಒಂದ್ಸಲ ಬೇಡ ಅಂದಿದ್ದಕ್ಕೆ ನೀವು ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ."

"ಹಾಗಾದರೆ ಅವನ್ನೆಲ್ಲ ಏನು ಮಾಡಿದೆ?"

"ಆಗೋದು ಯಾರಿಗಾದ್ರೂ ಕೊಟ್ಟೆ. ಆಗ್ದೇ ಇರೋದು ಗುಜರಿಗೆ. ಫ್ರಿಜ್ಜು ತರೋಕೆ ಆಟೋಗೆ ಇನ್ನೂರು ಕೊಟ್ಟಿದ್ದೆ ಸಾರ್, ಗುಜರಿಯೋನು ನೂರೈವತ್ತು ಕೊಟ್ಟ." ಇಷ್ಟು ಹೇಳಿ ಅವಳು ನಕ್ಕುಬಿಟ್ಟಳು. ಆ ನಗುವಿನಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಅನುಕೂಲವಾಗುತ್ತಿತ್ತೋ ಏನೋ. ಕಾಫಿ ಮಾಡಿಕೊಟ್ಟಳು. ಕುಡಿದು ಬಂದೆವು.

ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ನನಗೆ ಕಠೋಪನಿಷತ್ತಿನ ಮೊದಲ ಪುಟ ನೆನಪಾಗುತ್ತಿತ್ತು. ಓದುಗರಲ್ಲಿ ಹೆಚ್ಚಿನವರಿಗೆ ನಚಿಕೇತನೆಂದರೆ ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಕಾದ ಹುಡುಗ, ಸಾವಿನಾಚೆಯ ಗುಟ್ಟನ್ನು ಕೇಳಿದ ಹುಡುಗ. ಅವನು ಅಲ್ಲಿಗೆ ಹೋದದ್ದೇಕೆ ಎಂಬುದನ್ನು ನಾವು ಬೇಗ ದಾಟಿಬಿಡುತ್ತೇವೆ. ಅವನ ತಂದೆ ಒಂದು ಯಜ್ಞದಲ್ಲಿ ತನ್ನ ಸರ್ವಸ್ವವನ್ನೂ ಕೊಟ್ಟುಬಿಡಲು ಹೊರಟಿದ್ದ; ಈಗಿನ ಮಾತಿನಲ್ಲಿ ಹೇಳುವುದಾದರೆ ಮನೆ ಖಾಲಿ ಮಾಡುತ್ತಿದ್ದ. ದಕ್ಷಿಣೆಯ ಹಸುಗಳನ್ನು ಹೊಡೆದುಕೊಂಡು ಹೋಗುತ್ತಿದ್ದಾಗ ಹುಡುಗ ನೋಡಿದ. ಅವು ಕುಡಿಯಬೇಕಾದ ನೀರನ್ನೆಲ್ಲ ಕುಡಿದು ಮುಗಿಸಿದ್ದವು, ಮೇಯಬೇಕಾದ ಹುಲ್ಲನ್ನೆಲ್ಲ ಮೇದಿದ್ದವು, ಕರೆಯುವ ಹಾಲು ಕರೆದಾಗಿತ್ತು, ಇನ್ನು ಕರು ಹಾಕುವ ಶಕ್ತಿ ಉಳಿದಿರಲಿಲ್ಲ. ಇಂಥವನ್ನು ಕೊಟ್ಟವನಿಗೆ ಸುಖವಿಲ್ಲದ ಲೋಕವೇ ಗತಿ ಎಂದು ಅವನಿಗೆ ತಳಮಳವಾಯಿತು. ತಂದೆಯ ಬಳಿ ಹೋಗಿ, ನನ್ನನ್ನು ಯಾರಿಗೆ ಕೊಡುತ್ತೀಯಪ್ಪ ಎಂದು ಕೇಳಿದ. ಎರಡನೆಯ ಸಲ ಕೇಳಿದ. ಮೂರನೆಯ ಸಲ ಕೇಳಿದಾಗ ತಂದೆ ಸಿಟ್ಟಿನಿಂದ, ಮೃತ್ಯುವಿಗೆ ಎಂದುಬಿಟ್ಟ.

ಆ ಹಸುಗಳನ್ನು ಪಡೆದವರ ಮಾತು ಉಪನಿಷತ್ತಿನಲ್ಲಿ ಬರುವುದಿಲ್ಲ. ಕೊಟ್ಟವನಿಗೆ ಯಾವ ಲೋಕ ಎಂಬುದರಲ್ಲೇ ಕಥೆ ಮುಂದೆ ಸಾಗುತ್ತದೆ. ನನಗೆ ಈಗ ಚಿಂತೆ ಹತ್ತಿರುವುದು ಆ ಪುರೋಹಿತರ ಹಿತ್ತಿಲಿನದು. ಮುದಿ ಹಸುವನ್ನು ಮನೆಗೆ ಹೊಡೆದುಕೊಂಡು ಹೋದ ಬ್ರಾಹ್ಮಣ ಅದಕ್ಕೆ ಹುಲ್ಲು ಎಲ್ಲಿಂದ ತಂದ? ಬೇಡವೆನ್ನಲು ಅವನಿಗೆ ಬಾಯಿತ್ತೇ? ಯಜ್ಞ ಮಾಡಿಸಿದ ಧನಿಕ, ನಾಳೆಯೂ ಬೇಕಾದವನು. ಕೈ ಮುಗಿದು ತೆಗೆದುಕೊಂಡಿರಬೇಕು. ಕೊಟ್ಟವನ ಕೊಟ್ಟಿಗೆ ಚೊಕ್ಕಟವಾಯಿತು.

ಕಾಫಿ ಕುಡಿಯುತ್ತ ಇದನ್ನು ಹೇಳಿದಾಗ ನನ್ನ ಹೆಂಡತಿ ಒಪ್ಪಲಿಲ್ಲ. ಅವಳ ಮಾತಿನಲ್ಲೂ ಸತ್ಯವಿದೆಯಾದ್ದರಿಂದ ಇಲ್ಲಿ ಬರೆಯುತ್ತೇನೆ. "ಹಾಗಾದರೆ ಹಳೆಯದನ್ನು ಯಾರಿಗೂ ಕೊಡಲೇಬಾರದೇನು? ನಾನು ಮದುವೆಯಾಗುವವರೆಗೂ ಅಕ್ಕಂದಿರ ಲಂಗ ಹಾಕಿಕೊಂಡೇ ಬೆಳೆದವಳು. ನಿಮ್ಮ ಮಕ್ಕಳು ಓದಿದ್ದು ಚಿಕ್ಕಪ್ಪನ ಮಕ್ಕಳ ಪುಸ್ತಕದಲ್ಲಿ. ಅದರಲ್ಲಿ ಅವಮಾನ ಏನಿತ್ತು?" ನಿಜ. ನಮ್ಮ ಮನೆತನಗಳಲ್ಲಿ ತೊಟ್ಟಿಲು ಮನೆಯಿಂದ ಮನೆಗೆ ತಿರುಗುತ್ತಿತ್ತು. ಯಾರ ತೊಟ್ಟಿಲು ಎಂಬುದೇ ಮರೆತುಹೋಗುತ್ತಿತ್ತು. ಹಳೆಯದು ಎಂಬುದು ದೋಷವಲ್ಲ. ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಅಕ್ಕನ ಲಂಗ ಚಿಕ್ಕದಾದರೆ, "ಇದು ನನಗೆ ಬೇಡ, ಕಂಕುಳಲ್ಲಿ ಹಿಡಿಯುತ್ತೆ" ಎಂದು ಎಸೆದು ರಂಪ ಮಾಡುವ ಹಕ್ಕು ಅವಳಿಗಿತ್ತು. ಮಾಡಿಯೂ ಇರುತ್ತಾಳೆ, ನನಗೆ ಅವಳ ಸ್ವಭಾವ ಗೊತ್ತು. ಬೇಡವೆನ್ನಬಲ್ಲವರಿಗೆ ಕೊಟ್ಟದ್ದು ಕೊಡುಗೆ. ಬೇಡವೆಂದರೆ ಎರಡು ದಿನ ಮಾತು ನಿಂತುಹೋಗುತ್ತದೆಂದು ಅಂಜಬೇಕಾದವರಿಗೆ ಕೊಟ್ಟದ್ದನ್ನು ಏನೆಂದು ಕರೆಯಬೇಕು? ಅವರ ಸಂಬಳದಲ್ಲಿ ಸೇರದ ಇನ್ನೊಂದು ಕೆಲಸವನ್ನು ಅವರಿಂದ ಮಾಡಿಸಿಕೊಂಡ ಹಾಗಾಯಿತು: ನಮ್ಮ ಕಸ ಸಾಗಿಸುವ ಕೆಲಸ. ಆಟೋ ಬಾಡಿಗೆ ಅವರದೇ.

ಆ ವಾರವೇ ಎರಡನೆಯ ಗುಡ್ಡೆಯನ್ನು ಸಾಗಿಸುವಾಗ ನಾನೂ ಗಾಡಿಯ ಜೊತೆ ಜಾಲಿ ಮೊಹಲ್ಲಾದವರೆಗೆ ಹೋದೆ. ಚಾಮರಾಜಪೇಟೆಗೆ ತಗುಲಿಕೊಂಡಂತೆಯೇ ಇರುವ ಆ ಬೀದಿಗಳನ್ನು ಅದುವರೆಗೆ ಒಳಹೊಕ್ಕು ನೋಡಿರಲಿಲ್ಲ. ಬಿಳಿ ಕಾಗದ ಬೇರೆ, ಬಣ್ಣದ ಕಾಗದ ಬೇರೆ, ರಟ್ಟು ಬೇರೆ. ಪ್ಲಾಸ್ಟಿಕ್ಕಿನಲ್ಲೇ ಎಷ್ಟೋ ಜಾತಿ, ಕೈಯಲ್ಲಿ ಮುಟ್ಟಿ, ಬಗ್ಗಿಸಿ ನೋಡಿ ಹೇಳುತ್ತಾರೆ. ನನ್ನ ನಾಲ್ಕು ಮಿಕ್ಸಿಗಳನ್ನು ಒಬ್ಬ ಮುದುಕ ಕಣ್ಣೆದುರಿಗೇ ಬಿಚ್ಚಿ ಒಳಗಿನ ತಾಮ್ರದ ತಂತಿಯನ್ನು ಎಳೆದು ಉಂಡೆ ಸುತ್ತಿದ. ಅಮ್ಮನ ಅಡಿಗೆಮನೆಯ ಪದವಿ ಇಳಿಸುವ ಕ್ರಮ ಪೂರ್ತಿಯಾಗಿ ಸತ್ತಿಲ್ಲ, ಇಲ್ಲಿಗೆ ವಲಸೆ ಬಂದಿದೆ ಎನ್ನಿಸಿತು. ಆದರೆ ಈಗ ಅದನ್ನು ಮಾಡುವವರು ವಸ್ತುವನ್ನು ಉಪಯೋಗಿಸಿದವರಲ್ಲ. ಥರ್ಮಾಕೋಲನ್ನು ಅವನು ಮುಟ್ಟಲಿಲ್ಲ. ಫೋಮಿನ ಹಾಸಿಗೆಗಳನ್ನು ನೋಡಿ, "ಇದು ಯಾರೂ ತಗೊಳ್ಳಲ್ಲ ಸಾಬ್, ವಾಪಸ್ ತಗೊಂಡು ಹೋಗಿ" ಎಂದ. ಹದಿನೇಳು ದಿನದಲ್ಲಿ ನನಗೆ ಬೇಡವೆಂದು ನೇರವಾಗಿ ಹೇಳಿದ ಮೊದಲ ಮನುಷ್ಯ ಅವನು.

ಯಾರೂ ತೆಗೆದುಕೊಳ್ಳದ್ದು ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನವರು ಇದನ್ನು ಕೇಳಬೇಕಾದದ್ದಿಲ್ಲ. ನಮ್ಮ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ಮಾವಳ್ಳಿಪುರ, ಮಂಡೂರುಗಳ ಪಕ್ಕದಲ್ಲಿ. ಆ ಊರುಗಳವರು ವಾಸನೆ ಸಹಿಸಿದರು, ನೊಣ ಸಹಿಸಿದರು, ಬಾವಿಯ ನೀರು ಕೆಟ್ಟಿತೆಂದು ಗೋಳಾಡಿದರು. ಮಾವಳ್ಳಿಪುರಕ್ಕೆ ಲಾರಿಗಳು ಹೋಗುವುದು 2012ರಲ್ಲಿ ನಿಂತಾಗ ನಮ್ಮ ಬೀದಿಬೀದಿಯ ಮೂಲೆಯಲ್ಲೂ ಕಸದ ಗುಡ್ಡೆ ಎದ್ದಿತು. ಅದನ್ನು ದಾಟುವಾಗ ಕರವಸ್ತ್ರವನ್ನು ಮೂಗಿಗೆ ಹಿಡಿದು ನಾವು ಬೈದದ್ದು ಆ ಹಳ್ಳಿಯವರನ್ನು. 2014ರಲ್ಲಿ ಮಂಡೂರಿನವರು ಎದ್ದು ನಿಂತರು. ಆ ವರ್ಷದ ಕೊನೆಗೆ ಅಲ್ಲಿಯೂ ನಿಂತಿತು. ಅವರಿಗೂ ಹದಿನಾಲ್ಕು ವರ್ಷ ಬೇಡವೆನ್ನಲು ಬಾಯಿ ಇಲ್ಲದಿದ್ದರೆ ನಮಗೆ ಎಷ್ಟು ಅನುಕೂಲವಾಗಿರುತ್ತಿತ್ತು!

ಫೋಮಿನ ಹಾಸಿಗೆ ಎರಡೂ ಗಾಡಿಯಲ್ಲಿ ವಾಪಸು ಬಂದವು. ಈಗ ಅವು ಹಜಾರದಲ್ಲಿ ಗೋಡೆಗೆ ಒರಗಿ ನಿಂತಿವೆ. ಹೊಸ ಮನೆಗೆ ತೆಗೆದುಕೊಂಡು ಹೋಗೋಣ, ಮೊಮ್ಮಕ್ಕಳು ಬಂದಾಗ ಹೊಸ ಹೊದಿಕೆ ಹೊಲಿಸಿ ನೆಲಕ್ಕೆ ಹಾಸೋಣ ಎಂದೆ. "ಎಲ್ಲಿ ಇಡ್ಲಿ?" ಎಂದು ನನ್ನ ಹೆಂಡತಿ ಕೇಳಿದಳು. ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಇಬ್ಬರೂ ಮುಖ ನೋಡಿಕೊಂಡೆವು.

ಜ್ವರ ಬಿಟ್ಟು ಅವಳು ಕೆಲಸಕ್ಕೆ ಬಂದ ದಿನ, ಮೂರನೆಯ ಗುಡ್ಡೆ ಇನ್ನೂ ಹಾಗೇ ಬಿದ್ದಿತ್ತು. ನನ್ನ ಹೆಂಡತಿ ಅವಳನ್ನು ಕೂರಿಸಿಕೊಂಡು, "ಈ ಗುಡ್ಡೆ ಬಿಡು. ಈ ಮನೇಲಿ ನಿನಗೆ ನಿಜವಾಗಿ ಬೇಕಾದದ್ದು ಏನಾದರೂ ಇದ್ದರೆ ಹೇಳು. ಸಂಕೋಚ ಬೇಡ" ಎಂದಳು. ಏನೂ ಬೇಡವೆಂದಳು. ಮತ್ತೆ ಕೇಳಿದ್ದಕ್ಕೂ ಬೇಡವೆಂದಳು. ಮೂರನೆಯ ಸಲ ಕೇಳಿದಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಮಗಳು ಈ ವರ್ಷ ಪಿ.ಯು.ಸಿ. ಅಮ್ಮ. ಮಂಚದ ಮೇಲೆ ಕೂತ್ಕೊಂಡು ಬರೆದು ಬರೆದು ಬೆನ್ನು ನೋವು ಅಂತಾಳೆ. ಒಂದು ಮೇಜು ಇದ್ದಿದ್ರೆ..." ಎಂದಳು.

ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದನ್ನು ಒಪ್ಪಿಸಿಬಿಡುತ್ತೇನೆ. ಮೂರನೆಯ ಗುಡ್ಡೆಯ ಅಡಿಯಲ್ಲಿ ಮಡಚುವ ಒಂದು ಮೇಜಿದೆ. ಕಾಲು ಸ್ವಲ್ಪ ಅಲುಗಾಡುತ್ತದೆ, ಮೇಲಿನ ಸನ್‌ಮೈಕ ಒಂದು ಮೂಲೆಯಲ್ಲಿ ಎದ್ದಿದೆ. ಅದನ್ನು ಕೊಡಬಹುದಲ್ಲ ಎಂದು ಬಾಯಿ ತೆರೆದೇಬಿಟ್ಟಿದ್ದೆ. ಉಪನಿಷತ್ತು ನೆನಪಾಗಿ ನಾಲ್ಕು ದಿನವೂ ಆಗಿರಲಿಲ್ಲ. ನನ್ನ ಹೆಂಡತಿ ಆ ಕಡೆ ನೋಡಲೇ ಇಲ್ಲ. ಅವಳು ನೋಡಿದ್ದು ನನ್ನ ಕೋಣೆಯ ಕಡೆ.

ನನ್ನ ಕೋಣೆಯಲ್ಲಿರುವ ತೇಗದ ಮೇಜನ್ನು ನಮ್ಮ ತಂದೆಯವರು 1958ರಲ್ಲಿ ಒಂದು ಹರಾಜಿನಲ್ಲಿ ಹದಿನೆಂಟು ರೂಪಾಯಿಗೆ ಕೊಂಡಿದ್ದರು. ಮೂರು ಖಾನೆ, ಮೂರಕ್ಕೂ ಹಿತ್ತಾಳೆಯ ಹಿಡಿ. ಅವರು ಅದರ ಮೇಲೆ ಮನೆಯ ಲೆಕ್ಕ ಬರೆದರು, ನಾನು ಪರೀಕ್ಷೆಗೆ ಓದಿದೆ, ನನ್ನ ಮಗ ಓದಿದ. ಈ ಲೇಖನದ ಮೊದಲ ಭಾಗವನ್ನು ಬರೆದದ್ದೂ ಅದರ ಮೇಲೆಯೇ. ಹೊಸ ಮನೆಯಲ್ಲಿ ಅದಕ್ಕೆ ಜಾಗವಿಲ್ಲವೆಂದು ಹೇಳಿಕೊಳ್ಳುವಂತಿಲ್ಲ. ಬಾಲ್ಕನಿಯ ಕಿಟಕಿಯ ಪಕ್ಕಕ್ಕೆ ಎಂದು ಮೊದಲ ದಿನವೇ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದಿದ್ದೇನೆ.

"ನಿಮ್ಮನೇಲಿ ಎಷ್ಟು ಜಾಗ ಇದೆಯಮ್ಮ?" ಎಂದು ಕೇಳಿದೆ. ನನ್ನ ದನಿಯಲ್ಲಿ ಆಸೆ ಇತ್ತೆಂದು ಕಾಣುತ್ತದೆ. ಯಾವ ಕಡೆಯ ಆಸೆ ಎಂದು ನನ್ನ ಹೆಂಡತಿಗೆ ತಿಳಿಯದೆ ಇರಲಿಲ್ಲ.

"ಬೀರು ಪಕ್ಕದಲ್ಲಿ ಎರಡು ಮೊಳ ಇದೆ ಸಾರ್. ನಾನು ಅಳೆದಿದ್ದೀನಿ" ಎಂದಳು.

ಅವಳು ಹೋದ ಮೇಲೆ ಟೇಪು ಹಿಡಿದೆ. ಮೂರಡಿಗೆ ಅರ್ಧ ಅಂಗುಲ ಕಡಿಮೆ. ಆ ಸಂಜೆಯೇ ಖಾನೆಗಳನ್ನು ಬಿಡಿಸಲು ಕುಳಿತೆ. ಎರಡು ಮುಗಿದಿವೆ. ಮೂರನೆಯದು ತಂದೆಯವರದು, ಅದರ ಬೀಗದ ಕೈಯನ್ನು ಇನ್ನೂ ಹುಡುಕುತ್ತಿದ್ದೇನೆ.